ಸುದ್ದಿ ಓಡುತ್ತಿದೆ, ದಾಖಲೆ ಉಳಿಯುತ್ತಿಲ್ಲ: ಬದಲಾದ ಅಂತರ್ಜಾಲದಲ್ಲಿ ಜೈನ ಸಮಾಜ

ಜಾರ್ಖಂಡದ ಗಿರಿಡೀಹ್ ಜಿಲ್ಲೆಯಲ್ಲಿರುವ ಶ್ರೀ ಸಮ್ಮೇದ ಶಿಖರ್ಜಿ 24 ತೀರ್ಥಂಕರರಲ್ಲಿ 20 ತೀರ್ಥಂಕರರು ಮೋಕ್ಷ ಪಡೆದ ಪರಮ ಪಾವನ ಕ್ಷೇತ್ರ. ಈ ಪಾರಸನಾಥ ಬೆಟ್ಟದ ಅಭಯಾರಣ್ಯದ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಗುರುತಿಸಿ, ಅಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಅವಕಾಶ ಕೊಡುವ ಕೇಂದ್ರ ಸರ್ಕಾರದ ಅಧಿಸೂಚನೆ ಹೊರಬಿದ್ದದ್ದು 2019ರ ಆಗಸ್ಟ್ 2ರಂದು. ಅದರ ವಿರುದ್ಧ ದೇಶದ ಊರೂರುಗಳಲ್ಲಿ ಜೈನರು ಅಂಗಡಿ ಮುಚ್ಚಿ ಬೀದಿಗಿಳಿದದ್ದು 2022ರ ಡಿಸೆಂಬರ್‌ನಲ್ಲಿ. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಅಂಶಗಳನ್ನು ತಡೆಹಿಡಿಯಿತು. ಜೈನ ಸಮಾಜದ ಇಬ್ಬರು ಮತ್ತು ಸ್ಥಳೀಯ ಆದಿವಾಸಿ ಸಮುದಾಯದ ಒಬ್ಬರನ್ನು ಮೇಲ್ವಿಚಾರಣಾ ಸಮಿತಿಗೆ ಸೇರಿಸಿಕೊಳ್ಳುವಂತೆ ರಾಜ್ಯ ಸರ್ಕಾರಕ್ಕೆ ಸೂಚಿಸಿತು.

ಒಗ್ಗಟ್ಟಿಗೆ ಸಿಕ್ಕ ಫಲವೆಂದು ಈ ಘಟನೆಯನ್ನು ಎಲ್ಲರೂ ನೆನೆಯುತ್ತಾರೆ. ಅದು ಸರಿಯೇ. ಆದರೆ ಎರಡು ದಿನಾಂಕಗಳ ನಡುವೆ ಮೂರು ವರ್ಷ ನಾಲ್ಕು ತಿಂಗಳ ಅಂತರವಿದೆ. ಇಂತಹ ಅಧಿಸೂಚನೆ ಹೊರಡಿಸುವ ಮುನ್ನ ಸರ್ಕಾರ ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶ ಕೊಡಬೇಕೆಂಬುದು ನಿಯಮ. ಆ ದಿನಗಳಲ್ಲಿ ಈ ವಿಷಯ ಮನೆಮನೆಯ ಮಾತಾಗಿರಲಿಲ್ಲ. ಆಗಲೂ ಪ್ರತಿಯೊಬ್ಬ ಶ್ರಾವಕನ ಕೈಯಲ್ಲಿ ಫೋನ್ ಇತ್ತು, ಪ್ರತಿ ಊರಿನ ಬಸದಿಗೆ ಒಂದೋ ಎರಡೋ ವಾಟ್ಸಾಪ್ ಗ್ರೂಪ್ ಇತ್ತು. ದಿನಕ್ಕೆ ನೂರಾರು ಶುಭಾಶಯ ಹೊತ್ತು ತರುತ್ತಿದ್ದ ಆ ಗ್ರೂಪುಗಳು, ತೀರ್ಥಕ್ಷೇತ್ರದ ಮೇಲಿನ ಒಂದು ಗೆಜೆಟ್ ಪುಟವನ್ನು ಹೊತ್ತು ತರಲಿಲ್ಲ.

ಅಂತರ್ಜಾಲದಲ್ಲಿ ಸಮುದಾಯಗಳು ಒಂದುಗೂಡುವ ರೀತಿ ಕಳೆದ ಹತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಸುದ್ದಿಯ ವೇಗ ಹೆಚ್ಚಿದೆ, ಸುದ್ದಿಯ ಆಯುಸ್ಸು ಕಡಿಮೆಯಾಗಿದೆ. ಸಂಖ್ಯೆಯಲ್ಲಿ ಚಿಕ್ಕದಾದ, ಆದರೆ ಸಾವಿರಾರು ವರ್ಷಗಳ ದಾಖಲೆಯ ಬಲದಿಂದ ಉಳಿದುಬಂದಿರುವ ಜೈನ ಸಮಾಜಕ್ಕೆ ಈ ಬದಲಾವಣೆ ಇತರರಿಗಿಂತ ಹೆಚ್ಚು ತಟ್ಟುತ್ತದೆ.

ಚದುರಿದ ಸಮಾಜ, ಹತ್ತಿರವಾದ ಪರದೆ

2011ರ ಜನಗಣತಿಯಂತೆ ಭಾರತದಲ್ಲಿ ಜೈನರ ಸಂಖ್ಯೆ 44,51,753. ಕರ್ನಾಟಕದಲ್ಲಿ 4,40,280, ಅಂದರೆ ರಾಜ್ಯದ ಜನರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಬೇಸಾಯ ಮಾಡುವ ಜೈನ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ತುಳುನಾಡಿನಲ್ಲಿ ಹಳೆಯ ಬೀಡು, ಗುತ್ತಿನ ಮನೆತನಗಳಿವೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲಿ ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ವ್ಯಾಪಾರಿ ಕುಟುಂಬಗಳಿವೆ. ಆದರೆ ಬಯಲುಸೀಮೆಯ, ಮಲೆನಾಡಿನ ಎಷ್ಟೋ ಊರುಗಳಲ್ಲಿ ಬಸದಿಯ ಸುತ್ತ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಅಂತಹ ಮನೆಯ ಮಗಳಿಗೆ ವರ ಹುಡುಕುವುದರಿಂದ ಹಿಡಿದು, ಮುನಿಸಂಘ ಯಾವ ಊರಿಗೆ ಬಂದಿದೆ ಎಂದು ತಿಳಿಯುವವರೆಗೆ ಎಲ್ಲಕ್ಕೂ ಹಿಂದೆ ಮಾಸಪತ್ರಿಕೆ ಬರಬೇಕಿತ್ತು, ಇಲ್ಲವೇ ಮದುವೆ ಮುಂಜಿಗೆ ಬಂದ ನೆಂಟರು ಹೇಳಬೇಕಿತ್ತು.

ಅಂತರ್ಜಾಲ ಬಂದ ಮೊದಲ ದಿನಗಳಲ್ಲಿ ಇದರ ಉಪಯೋಗ ಪಡೆದವರು ಹೆಚ್ಚಾಗಿ ಓದಲು, ಕೆಲಸಕ್ಕೆ ಹೊರದೇಶಕ್ಕೆ ಹೋದವರು. ಯಾಹೂ ಗ್ರೂಪ್ಸ್‌ನಲ್ಲಿ ಪತ್ರದ ಹಾಗೆ ಉದ್ದವಾಗಿ ಬರೆಯುತ್ತಿದ್ದರು. ಒಬ್ಬರು ಸಲ್ಲೇಖನದ ಬಗ್ಗೆ ಪ್ರಶ್ನೆ ಕೇಳಿದರೆ ಇನ್ನೊಬ್ಬರು ಗ್ರಂಥ ನೋಡಿ ನಾಲ್ಕು ದಿನ ಬಿಟ್ಟು ಉತ್ತರಿಸುತ್ತಿದ್ದರು. 2004ರಲ್ಲಿ ಆರ್ಕುಟ್ ಬಂತು, ಅದರ ಹಿಂದೆಯೇ ಫೇಸ್‌ಬುಕ್ ಬಂತು. ಅಲ್ಲಿ ಬಸದಿಗಳ ಫೋಟೊ, ಶಾಸನದ ಪಾಠ, ತಿಥಿಯ ಬಗ್ಗೆ ವಾದ ವಿವಾದ ಎಲ್ಲವೂ ಬಹಿರಂಗವಾಗಿ ನಡೆಯುತ್ತಿತ್ತು. ಹೊರಗಿನವರು ಕೂಡ ಬಂದು ಓದಬಹುದಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿದ ಮೇಲೆ ಚಿತ್ರವೇ ಬದಲಾಯಿತು. ಇಂಗ್ಲಿಷ್ ಬಾರದ ಅಜ್ಜಿ, ಅಂಗಡಿಯ ಗಲ್ಲಾದ ಮೇಲೆ ಕುಳಿತ ಯಜಮಾನ, ಗದ್ದೆಯಲ್ಲಿರುವ ರೈತ, ಎಲ್ಲರೂ ಒಳಗೆ ಬಂದರು. ಆದರೆ ಅವರು ಬಂದದ್ದು ತೆರೆದ ಜಾಲತಾಣಕ್ಕಲ್ಲ, ಮುಚ್ಚಿದ ವಾಟ್ಸಾಪ್ ಗ್ರೂಪಿಗೆ. ಒಂದು ಗ್ರೂಪಿನಲ್ಲಿ 2016ರಲ್ಲಿ 256 ಜನ ಇರಬಹುದಿತ್ತು. 2022ರಲ್ಲಿ ಅದು 512 ಆಗಿ, ಅದೇ ವರ್ಷದ ಕೊನೆಗೆ 1024ಕ್ಕೆ ಏರಿತು. ಊರ ಪಂಚಾಯಿತಿ ಕಟ್ಟೆಗಿಂತ ದೊಡ್ಡ ಸಭೆ ಅದು. ಆದರೆ ಅಲ್ಲಿ ಆಡಿದ ಮಾತು ಗೋಡೆ ದಾಟಿ ಹೊರಗೆ ಕಾಣುವುದಿಲ್ಲ.

ಆದ ಲಾಭ ಸಣ್ಣದಲ್ಲ

ಈ ಗ್ರೂಪುಗಳನ್ನು ಹಗುರವಾಗಿ ಕಾಣುವುದು ತಪ್ಪಾಗುತ್ತದೆ. ತ್ಯಾಗಿಗಳ ವಿಹಾರ ಯಾವ ದಾರಿಯಲ್ಲಿದೆ, ನಾಳೆ ಆಹಾರ ಚರ್ಯೆ ಎಲ್ಲಿ, ಚೌಕಕ್ಕೆ ಯಾರು ನಿಲ್ಲಬೇಕು, ಹೆದ್ದಾರಿಯಲ್ಲಿ ಬೆಳಗಿನ ಕತ್ತಲಲ್ಲಿ ಜೊತೆಗೆ ನಡೆಯಲು ಯಾವ ಯುವಕರು ಬರುತ್ತಾರೆ ಎಂಬುದೆಲ್ಲ ಈಗ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆಸ್ಪತ್ರೆಯಲ್ಲಿರುವವರಿಗೆ ರಕ್ತ ಬೇಕೆಂದರೆ, ಪರವೂರಿನಲ್ಲಿ ಓದುವ ಹುಡುಗನಿಗೆ ರಾತ್ರಿ ಊಟ ಬಿಟ್ಟ ಮನೆಯ ಊಟ ಬೇಕೆಂದರೆ, ಗ್ರೂಪಿನಲ್ಲಿ ಯಾರಾದರೂ ಕೈ ಎತ್ತುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಬಸದಿಯ ಬಾಗಿಲು ಮುಚ್ಚಿದಾಗ ಅಭಿಷೇಕದ ದರ್ಶನ, ಪ್ರವಚನ, ಮಕ್ಕಳ ಪಾಠಶಾಲೆ ನಡೆದದ್ದು ಫೋನಿನ ಮೂಲಕವೇ. ಹಾಸಿಗೆ ಹಿಡಿದ ಹಿರಿಯರಿಗೆ ಇಂದಿಗೂ ಅದೇ ದರ್ಶನ.

ಹೋರಾಟದ ಬಲವೂ ಬಂದಿದೆ. ಶಿಖರ್ಜಿಯ ನಂತರ ಅದು ಇನ್ನೊಮ್ಮೆ ಕಂಡದ್ದು 2025ರಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ನಾಂದಣಿ ಜೈನ ಮಠದ ಆನೆಯ ವಿಷಯದಲ್ಲಿ. ಮಾಧುರಿ ಎಂದೂ ಮಹಾದೇವಿ ಎಂದೂ ಕರೆಯಲ್ಪಡುವ ಈ ಆನೆಯನ್ನು ಗುಜರಾತಿನ ಜಾಮನಗರದ ವನತಾರಾಕ್ಕೆ ಸಾಗಿಸಲು ಆ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು, ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಆನೆ ಊರು ಬಿಡುವ ದೃಶ್ಯ ಫೋನಿನಿಂದ ಫೋನಿಗೆ ಹರಿದು, ಬೆಳಗಾವಿ ಭಾಗದ ಮಠದ ಭಕ್ತರನ್ನೂ ಕಲಕಿತು. ಜಿಯೋ ಸಿಮ್ ಬಿಟ್ಟು ಬೇರೆ ಕಂಪನಿಗೆ ಹೋಗಿ ಎಂಬ ಕರೆ ಹಬ್ಬಿತು. ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರಕ್ಕೆ ನಡೆದರು. ಜಾತಿ ಮತ ನೋಡದೆ ಸುತ್ತಲ ಹಳ್ಳಿಗಳವರೂ ಸೇರಿದರು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರ್ಕಾರ, ವನತಾರಾ ಮತ್ತು ಮಠ ಮಾತುಕತೆಗೆ ಕುಳಿತವು. ನಾಂದಣಿ ಪರಿಸರದಲ್ಲೇ ಆನೆಗೆ ಪುನರ್ವಸತಿ ಕೇಂದ್ರ ಮಾಡುವ ಪ್ರಸ್ತಾಪ ಬಂತು.

ಕಣ್ಣೀರು ತಲುಪಿತು, ಕಾಗದ ತಲುಪಲಿಲ್ಲ

ಆದರೆ ಈ ಎರಡೂ ಘಟನೆಗಳಲ್ಲಿ ಒಂದು ಕೊರತೆ ಸಮಾನವಾಗಿದೆ. ನಾಂದಣಿಯ ವಿಷಯದಲ್ಲಿ ನ್ಯಾಯಾಲಯದ ತೀರ್ಮಾನ ನಿಂತದ್ದು ಆನೆಯ ಆರೋಗ್ಯ ಮತ್ತು ಅದನ್ನು ಇಟ್ಟಿದ್ದ ಸ್ಥಿತಿಯ ಬಗ್ಗೆ ಬಂದ ವರದಿಗಳ ಮೇಲೆ. ಆನೆಯ ಕಣ್ಣಲ್ಲಿ ನೀರು ಬರುವ ವಿಡಿಯೊ ಎಲ್ಲರಿಗೂ ತಲುಪಿತು. ಆ ವರದಿಯಲ್ಲಿ ಏನಿತ್ತು, ಅದಕ್ಕೆ ಮಠದ ಉತ್ತರ ಏನಿತ್ತು ಎಂಬುದು ಅಷ್ಟೇ ಜನರಿಗೆ ತಲುಪಲಿಲ್ಲ. ಅಹಿಂಸೆಯನ್ನು ಮೊದಲ ವ್ರತವಾಗಿ ಇಟ್ಟುಕೊಂಡ ಸಮಾಜ, ಒಂದು ಮೂಕ ಪ್ರಾಣಿಯ ಕಾಲಿನ ಗಾಯದ ಬಗ್ಗೆ ಬಂದ ವರದಿಯನ್ನು ಎಲ್ಲರಿಗಿಂತ ಮೊದಲು ಓದಬೇಕಿತ್ತು. ಓದಿ ಒಪ್ಪದೆ ಇರಬಹುದು, ಅದು ಬೇರೆ ಮಾತು. ಭಕ್ತಿಯಿದ್ದವರಿಗೆ ವರದಿ ಓದುವ ತೊಂದರೆ ಬೇಡ ಎಂಬ ಭಾವನೆ ಗ್ರೂಪುಗಳ ವೇಗದಿಂದ ಬಂದದ್ದು.

ಶಿಖರ್ಜಿಯ ವಿಷಯವೂ ಹಾಗೆಯೇ. ಅದೇ ಬೆಟ್ಟವನ್ನು ಸಂತಾಲ ಆದಿವಾಸಿಗಳು ಮರಾಂಗ್ ಬುರು ಎಂದು ಪೂಜಿಸುತ್ತಾರೆ. ಜೈನರ ಬೇಡಿಕೆಯಿಂದ ತಮ್ಮ ಹಕ್ಕಿಗೆ ಧಕ್ಕೆ ಬರುತ್ತದೆಂದು ಅವರೂ 2023ರ ಜನವರಿಯಲ್ಲಿ ಪ್ರತಿಭಟನೆಗಿಳಿದರು. ಕರ್ನಾಟಕದ ಅನೇಕ ಜೈನ ಕುಟುಂಬಗಳಿಗೆ ಆ ಹೆಸರು ಕಿವಿಗೆ ಬಿದ್ದದ್ದೇ ಆಗ. ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒಂದೇ ಮಾತಾಡುವಾಗ ನೆರೆಯವನ ಮಾತು ಒಳಗೆ ಬರುವ ದಾರಿ ಇರುವುದಿಲ್ಲ. ವಸ್ತುವಿಗೆ ಅನೇಕ ಮುಖಗಳಿವೆ, ಒಂದೇ ಕಡೆಯಿಂದ ನೋಡಿದ್ದು ಪೂರ್ಣಸತ್ಯವಲ್ಲ ಎಂದು ಲೋಕಕ್ಕೆ ಹೇಳಿಕೊಟ್ಟ ಅನೇಕಾಂತ ದರ್ಶನದ ಮಕ್ಕಳಿಗೆ ಇದು ಯೋಚಿಸಬೇಕಾದ ಸಂಗತಿ.

ದಾಖಲೆ ಎಲ್ಲಿ ಹೋಯಿತು?

ಎರಡನೆಯ ನಷ್ಟ ನೆನಪಿನದು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಮುಚ್ಚಿತು, ಅದಕ್ಕೂ ಒಂದು ವರ್ಷ ಮೊದಲೇ ಹಳೆಯ ಬರಹಗಳನ್ನು ಅಳಿಸಿಹಾಕಲಾಗಿತ್ತು. ಅಲ್ಲಿ ವರ್ಷಗಟ್ಟಲೆ ನಡೆದ ಚರ್ಚೆಯನ್ನು ಯಾರಾದರೂ ಪ್ರತಿ ತೆಗೆದು ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವಾಟ್ಸಾಪ್‌ನಲ್ಲಿ ಮುಚ್ಚುವ ದಿನಕ್ಕೂ ಕಾಯಬೇಕಿಲ್ಲ. ಫೋನ್ ಬದಲಾಯಿಸಿದಾಗ, ಮೆಮೊರಿ ತುಂಬಿತೆಂದು ಮಗ ಎಲ್ಲವನ್ನೂ ಅಳಿಸಿದಾಗ, ತಾನಾಗಿ ಮಾಯವಾಗುವ ಸಂದೇಶದ ವ್ಯವಸ್ಥೆಯನ್ನು ಯಾರೋ ಒತ್ತಿದಾಗ, ದಾಖಲೆ ಹೋದಂತೆಯೇ. 

2018ರ ಫೆಬ್ರವರಿಯಲ್ಲಿ ನಡೆದ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು, 2024ರಲ್ಲಿ ನಡೆದ ವೇಣೂರಿನ ಮಸ್ತಕಾಭಿಷೇಕವನ್ನು ಹಿಂದಿನ ಯಾವ ಅಭಿಷೇಕಕ್ಕಿಂತಲೂ ಹೆಚ್ಚು ಜನ ಚಿತ್ರ ತೆಗೆದು ಹಂಚಿದರು. ಅದರಲ್ಲಿ ದಿನಾಂಕ, ಸ್ಥಳ, ವ್ಯಕ್ತಿಗಳ ಹೆಸರು ಬರೆದು ಜೋಡಿಸಿಟ್ಟ ಸಂಗ್ರಹ ಎಷ್ಟು ಮನೆಗಳಲ್ಲಿದೆ? ಅಜ್ಜನ ಕಾಲದ ಒಂದು ಕಪ್ಪುಬಿಳುಪು ಫೋಟೊ ಗೋಡೆಯ ಮೇಲೆ ಉಳಿದಿದೆ, ಮೊಮ್ಮಗನ ಎರಡು ಸಾವಿರ ಫೋಟೊ ಹಳೆಯ ಫೋನಿನಲ್ಲಿ ಸಿಕ್ಕಿಕೊಂಡಿವೆ.

ಇದೇ ಬೆಳಗೊಳದಲ್ಲಿ ಹಿಂದಿನವರು ಹೇಗೆ ದಾಖಲಿಸಿದರು ಎಂಬುದನ್ನು ನೆನೆಯಬಹುದು. ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗಾಗಿ ಇಂಥವರು ಇಷ್ಟು ಹೊನ್ನು ಇಟ್ಟರು, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ನಡೆಯಬೇಕು ಎಂದು ಸಣ್ಣ ವ್ಯಾಪಾರಿಗಳ ದತ್ತಿಯೂ ಅಲ್ಲಿ ಕಲ್ಲಿನ ಮೇಲೆ ಬರೆಯಲ್ಪಟ್ಟಿದೆ. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಸಂಪುಟವಾಗಿ ತಂದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಹಿಗ್ಗಿಸಿ ಪರಿಷ್ಕರಿಸಿದರು. ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಕೊಟ್ಟ ಉದ್ದೇಶ ಮೂರೂ ಇಂದಿಗೂ ಓದಲು ಸಿಗುತ್ತವೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಅವರಲ್ಲಿ ಕೀರ್ದಿಯೂ ಇತ್ತು, ಖಾತೆಯೂ ಇತ್ತು. ಇಂದಿನ ಗ್ರೂಪುಗಳಲ್ಲಿ ದಿನದ ಕೀರ್ದಿ ಮಾತ್ರ ಇದೆ, ಖಾತೆಗೆ ಏರಿಸುವವರು ಇಲ್ಲ. ಮೂರು ವರ್ಷದ ಹಿಂದೆ ಬಸದಿ ಜೀರ್ಣೋದ್ಧಾರಕ್ಕೆ ಕ್ಯೂಆರ್ ಕೋಡ್ ಹಾಕಿ ಸಂಗ್ರಹಿಸಿದ ಹಣದ ಲೆಕ್ಕ ಕೇಳಿದರೆ, ಮೇಲಕ್ಕೆ ಜರುಗಿಸಿ ನೋಡಿ ಎಂಬ ಉತ್ತರ ಬರುತ್ತದೆ.

ಫಾರ್ವರ್ಡ್ ಮಾಡಿದವರ ಹೊಣೆ

2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನ ಒಬ್ಬ ಇಂಜಿನಿಯರ್ ಯುವಕನನ್ನು ಹೊಡೆದು ಕೊಂದರು. ದೇಶದ ಹಲವೆಡೆ ಇಂತಹ ಸಾವುಗಳಾದ ಮೇಲೆ ಆ ತಿಂಗಳೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಬಂತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ಮಿತಿ ಬಂತು. ಎರಡು ಬಾಣದ ಗುರುತು ಇರುವ ಸಂದೇಶ ಎಂದರೆ ಅದು ಬಹಳ ಸಲ ಕೈಬದಲಾಗಿ ಬಂದದ್ದು ಎಂದೇ ಅರ್ಥ. ಮನೆಯ ಹಿರಿಯರಿಗೆ ಈ ಗುರುತನ್ನು ತೋರಿಸಿಕೊಡುವುದು ಮಕ್ಕಳ ಕರ್ತವ್ಯ.

ಗ್ರೂಪಿನ ಅಡ್ಮಿನ್‌ಗಳಿಗೆ ಕಾನೂನಿನ ಭಯ ಇರುವುದು ಸಹಜ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆಗಿರುವ ಕಾರಣಕ್ಕೆ ಮಾತ್ರ ಹೊಣೆ ಹೊರಿಸಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಕಿದವನ ಹೊಣೆ ತಪ್ಪುವುದಿಲ್ಲ. ಕಾನೂನು ಇಲ್ಲಿಗೆ ನಿಲ್ಲುತ್ತದೆ. ಶ್ರಾವಕನ ಧರ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ತಪ್ಪು ಉಪದೇಶ ಕೊಡುವ ಮಿಥ್ಯೋಪದೇಶ, ಇನ್ನೊಬ್ಬರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನ, ಇನ್ನೊಬ್ಬರು ಹೇಳದ್ದನ್ನು ಅವರ ಹೆಸರಿನಲ್ಲಿ ಬರೆಯುವ ಕೂಟಲೇಖಕ್ರಿಯೆ ಸೇರಿವೆ. ಪರೀಕ್ಷಿಸದ ಔಷಧಿಯ ಸಲಹೆ ಕಳಿಸುವುದು ಮೊದಲನೆಯದು. ಮನೆಜಗಳದ ಸ್ಕ್ರೀನ್‌ಶಾಟ್ ಹಂಚುವುದು ಎರಡನೆಯದು. ಮುನಿಶ್ರೀಗಳ ಫೋಟೊ ಹಾಕಿ ಅವರು ಆಡದ ಮಾತನ್ನು ಕೆಳಗೆ ಅಚ್ಚು ಮಾಡುವುದು ಮೂರನೆಯದು. ಕೃತಕ ಬುದ್ಧಿಮತ್ತೆಯಿಂದ ಯಾರ ಧ್ವನಿಯನ್ನಾದರೂ ಸೃಷ್ಟಿಸಬಹುದಾದ ಈಗಿನ ಕಾಲದಲ್ಲಿ ಈ ಮೂರನೆಯ ಅತಿಚಾರಕ್ಕೆ ದಾರಿ ಬಹಳ ಸುಲಭವಾಗಿದೆ.

ಮಾತಾಡುವವರು ಕೇಳುವವರಾದರು

ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಇನ್ನೊಂದು ತಿರುವು ಬಂದಿದೆ. ಹತ್ತಾರು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ಕಮ್ಯೂನಿಟಿ ವ್ಯವಸ್ಥೆ 2022ರ ನವೆಂಬರ್‌ನಲ್ಲಿ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಚಾನೆಲ್‌ಗಳು ಶುರುವಾದವು. ಚಾನೆಲ್‌ನಲ್ಲಿ ಒಬ್ಬರು ಹೇಳುತ್ತಾರೆ, ಸಾವಿರಾರು ಜನ ನೋಡುತ್ತಾರೆ, ಉತ್ತರ ಕೊಡುವಂತಿಲ್ಲ. ಅನೇಕ ಬಸದಿ ಗ್ರೂಪುಗಳಲ್ಲೂ ಜಗಳ ತಾಳಲಾರದೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದ್ದಾರೆ. ಶಾಂತಿ ಬಂತು, ಸಂಭಾಷಣೆ ಹೋಯಿತು.

ಕಿರಿಯರು ಇನ್ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಕಡೆಗೆ ಹೋಗಿದ್ದಾರೆ. ಅಲ್ಲಿ ಏನು ಕಾಣಬೇಕೆಂದು ನಿರ್ಧರಿಸುವುದು ಸಂಘವೂ ಅಲ್ಲ, ಮನೆಯ ಹಿರಿಯರೂ ಅಲ್ಲ, ನೋಡುವವರ ಬೆರಳು ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕ ಹಾಕುವ ಯಂತ್ರ. ಪರಿಣಾಮವಾಗಿ ಒಂದೇ ಮನೆಯಲ್ಲಿ ಅಜ್ಜ ಒಂದು ಜೈನ ಲೋಕದಲ್ಲಿ, ಮೊಮ್ಮಗಳು ಇನ್ನೊಂದರಲ್ಲಿ ಇದ್ದಾರೆ. ಪರ್ಯೂಷಣ, ದಶಲಕ್ಷಣ ಮುಗಿದು ಕ್ಷಮಾವಣಿ ಬಂದಾಗ ಕೈಮುಗಿದ ಚಿತ್ರ ಐನೂರು ಜನರಿಗೆ ಹೋಗುತ್ತದೆ. ವರ್ಷದಿಂದ ಮಾತು ಬಿಟ್ಟ ಅಣ್ಣನ ಮನೆಗೆ ಯಾರೂ ಹೋಗುವುದಿಲ್ಲ.

ಇನ್ನು ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಕಾಲ ಬಂದಿದೆ. ಮಕ್ಕಳು ಅಷ್ಟಾಹ್ನಿಕ ಪರ್ವ ಎಂದರೇನು, ಬ್ರಹ್ಮಯಕ್ಷ ಯಾರು, ಹೊಂಬುಜದ ಇತಿಹಾಸವೇನು ಎಂದು ಅದನ್ನೇ ಕೇಳುತ್ತಾರೆ. ಈ ಯಂತ್ರಗಳು ಕಲಿಯುವುದು ಹೆಚ್ಚಾಗಿ ಅಂತರ್ಜಾಲದಲ್ಲಿ ತೆರೆದಿಟ್ಟ ಬರಹದಿಂದ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ ಜೈನಾದ ಬೆಂಬಲದಿಂದ ನಡೆಯುವ ಜೈನ್ ಇ-ಲೈಬ್ರರಿಯಲ್ಲಿ ಸಾವಿರಾರು ಗ್ರಂಥಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಹಿಂದಿ, ಗುಜರಾತಿ, ಸಂಸ್ಕೃತ, ಪ್ರಾಕೃತ, ಇಂಗ್ಲಿಷ್ ಭಾಷೆಗಳವು. ಪಂಪ, ಪೊನ್ನ, ರನ್ನರ ನಾಡಿನ ಕನ್ನಡ ಜೈನರ ಆಚರಣೆ, ಬಸದಿಗಳ ಕಥನ, ತುಳುನಾಡಿನ ಪದ್ಧತಿ, ಉತ್ತರ ಕರ್ನಾಟಕದ ರೈತ ಜೈನರ ಹಬ್ಬ ಹರಿದಿನ ಎಲ್ಲವೂ ಬೀಗ ಹಾಕಿದ ಗ್ರೂಪುಗಳಲ್ಲಿ ಹರಿದುಹೋಗುತ್ತಿದ್ದರೆ, ನಾಳೆಯ ಮಗುವಿಗೆ ಸಿಗುವ ಉತ್ತರ ಬೇರೆ ಪ್ರಾಂತದ, ಬೇರೆ ಪರಂಪರೆಯ ಉತ್ತರವಾಗಿರುತ್ತದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಯಂತ್ರಕ್ಕಿಲ್ಲ. ಅದಕ್ಕೆ ಓದಲು ಕೊಟ್ಟವರಿಲ್ಲ, ಅಷ್ಟೇ.

ನಂಬಿಕೆಯೇ ಮೋಸಕ್ಕೆ ದಾರಿ

ಸಮಾಜದ ಗ್ರೂಪ್ ಎಂದರೆ ಮನೆಯವರೇ ಎಂಬ ನಂಬಿಕೆ ಇರುತ್ತದೆ. ಮೋಸಗಾರರಿಗೆ ಬೇಕಾದದ್ದೂ ಅದೇ. ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲ್ ಒತ್ತಿದರೆ ಫೋನಿನ ಹಿಡಿತವೇ ಬೇರೆಯವರ ಕೈಗೆ ಹೋಗಿ ಬ್ಯಾಂಕ್ ಖಾತೆ ಬರಿದಾದ ಪ್ರಕರಣಗಳು ದೇಶದ ಹಲವೆಡೆ ಆಗಿವೆ. ಕರೆಯೋಲೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಬರುತ್ತದೆ, ಎಪಿಕೆ ಆಗಿ ಎಂದೂ ಬರುವುದಿಲ್ಲ. ಹಣ ಹೋದ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆ.

ವಧೂವರರ ಬಯೋಡಾಟಾ ಇನ್ನೂ ಸೂಕ್ಷ್ಮವಾದ ವಿಷಯ. ಹುಡುಗಿಯ ಫೋಟೊ, ಜನ್ಮದಿನಾಂಕ, ತಂದೆಯ ಫೋನ್ ಸಂಖ್ಯೆ, ಮನೆಯ ವಿಳಾಸ, ಕೆಲಸ ಮಾಡುವ ಕಚೇರಿ ಎಲ್ಲವೂ ಒಂದೇ ಪುಟದಲ್ಲಿ ಸಾವಿರ ಜನರ ಗ್ರೂಪಿಗೆ ಹೋಗುತ್ತದೆ. ಮದುವೆಯಾಗಿ ವರ್ಷಗಳಾದರೂ ಆ ಪುಟ ತಿರುಗುತ್ತಲೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಒಪ್ಪಿಗೆ. ಕಾಯ್ದೆ ಮನೆಯ ಖಾಸಗಿ ಬಳಕೆಗೆ ಅನ್ವಯಿಸದಿದ್ದರೂ ಒಪ್ಪಿಗೆ ಕೇಳುವ ಮರ್ಯಾದೆ ಎಲ್ಲರಿಗೂ ಅನ್ವಯಿಸುತ್ತದೆ. ಹುಡುಗಿಯನ್ನು ಕೇಳದೆ ಅವಳ ಬಯೋಡಾಟಾ ಹಾಕುವುದು ಹಿರಿಯರ ಹಕ್ಕು ಎಂದು ತಿಳಿಯುವ ಕಾಲ ಹೋಗಿದೆ.

ಪ್ರತಿ ಸಂಘ ಮಾಡಬಹುದಾದ ಕೆಲಸ

ವಾಟ್ಸಾಪ್ ಬಿಡಿ ಎಂದು ಯಾರೂ ಹೇಳಲಾರರು. ಅದರ ಪಕ್ಕದಲ್ಲಿ ಒಂದು ಖಾತೆ ಪುಸ್ತಕ ಇಡುವುದು ಸಾಧ್ಯ. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಮೊದಲನೆಯದಾಗಿ, ಪ್ರತಿ ಬಸದಿ ಅಥವಾ ಸಂಘದಿಂದ ಒಬ್ಬರು ತಿಂಗಳಿಗೊಮ್ಮೆ ಕುಳಿತು, ಆ ತಿಂಗಳ ಮುಖ್ಯ ಸಂಗತಿಗಳನ್ನು ಬರೆದಿಡಬೇಕು. ಚಾತುರ್ಮಾಸ, ಪಂಚಕಲ್ಯಾಣ, ದೀಕ್ಷೆ, ಸಮಾಧಿಮರಣ, ಜೀರ್ಣೋದ್ಧಾರ, ದೇಣಿಗೆಯ ಜಮಾ ಖರ್ಚು, ಇಷ್ಟು ಸಾಕು. ದಿನಾಂಕ, ಸ್ಥಳ, ಹೆಸರು ಇರಬೇಕು. ಒಂದು ಪ್ರತಿ ಕಾಗದದಲ್ಲಿ, ಒಂದು ಪ್ರತಿ ಎಲ್ಲರೂ ಓದಬಹುದಾದ ಜಾಲತಾಣದಲ್ಲಿ ಇರಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಆಧಾರ ಸಹಿತವಾಗಿ ಬಸದಿಗಳ ಬಗ್ಗೆ ಬರೆಯಲು ಯಾರ ಅಪ್ಪಣೆಯೂ ಬೇಡ. ಪದವಿ ಓದುವ ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು.

ಎರಡನೆಯದಾಗಿ, ಜಿಲ್ಲೆಗೆ ಇಬ್ಬರಾದರೂ ವಕೀಲರು ಅಥವಾ ಲೆಕ್ಕ ಪರಿಶೋಧಕರು ಗೆಜೆಟ್, ಪುರಾತತ್ತ್ವ ಇಲಾಖೆಯ ಪ್ರಕಟಣೆ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಕೊನೆಯ ದಿನ ಇವುಗಳನ್ನು ಗಮನಿಸಿ, ಸರಳ ಕನ್ನಡದಲ್ಲಿ ಗ್ರೂಪಿಗೆ ತಿಳಿಸಬೇಕು. ಶಿಖರ್ಜಿಯಂತಹ ವಿಷಯಕ್ಕೆ ಮೂರು ವರ್ಷದ ನಂತರ ಮೆರವಣಿಗೆ ಹೊರಡುವುದಕ್ಕಿಂತ 60 ದಿನದೊಳಗೆ ಒಂದು ಅರ್ಜಿ ಹೋಗುವುದು ಲೇಸು.

ಮೂರನೆಯದಾಗಿ, ಗ್ರೂಪಿಗೆ ನಿಯಮ ಬೇಕು. ಮೂಲ ಮತ್ತು ದಿನಾಂಕ ಇಲ್ಲದ ಸುದ್ದಿ ಬೇಡ. ತ್ಯಾಗಿಗಳ ಹೆಸರಿನ ಮಾತಿಗೆ ಯಾವ ಪ್ರವಚನ, ಯಾವ ದಿನ ಎಂಬುದು ಇರಲಿ. ಬಯೋಡಾಟಾದಲ್ಲಿ ವಿಳಾಸ ಬೇಡ, ಸಂಬಂಧ ಕೂಡಿಬಂದ ಮೇಲೆ ಅದನ್ನು ಅಳಿಸುವ ಹೊಣೆ ಅಡ್ಮಿನ್ ವಹಿಸಲಿ. ಬೇರೆ ಅಭಿಪ್ರಾಯ ಹೇಳಿದವರನ್ನು ಗ್ರೂಪಿನಿಂದ ತೆಗೆದುಹಾಕುವುದು ಮಾತ್ರ ನಿಯಮವಾಗದಿರಲಿ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಕನ್ನಡ ನಾಡಿನ ಜೈನರಿಗೆ ಹಂಚುವುದು ಹೊಸದಲ್ಲ. ಆದರೆ ಅವಳು ಹಂಚಿದ ಪ್ರತಿಯೊಂದೂ ಲಿಪಿಕಾರನೊಬ್ಬ ಪೂರ್ತಿ ಓದಿ, ಅಕ್ಷರ ಅಕ್ಷರವನ್ನು ತಿದ್ದಿ ಬರೆದದ್ದು. ಶಾಸ್ತ್ರದಾನ ಎಂದು ಅದನ್ನು ಕರೆದದ್ದು ಈ ಕಾರಣಕ್ಕೆ.

ಮುಂದಿನ ಪರೀಕ್ಷೆ: ಜನಗಣತಿ

ಈ ಮಾತುಗಳೆಲ್ಲ ಎಷ್ಟರ ಮಟ್ಟಿಗೆ ನಡೆಗೆ ಬರುತ್ತವೆ ಎಂಬುದಕ್ಕೆ ಪರೀಕ್ಷೆ ದೂರವಿಲ್ಲ. ದೇಶದ ಮೊದಲ ಡಿಜಿಟಲ್ ಜನಗಣತಿಯಲ್ಲಿ ಜನಸಂಖ್ಯೆಯ ಎಣಿಕೆ 2027ರ ಫೆಬ್ರವರಿಯಲ್ಲಿ ನಡೆಯುವುದೆಂದು ನಿಗದಿಯಾಗಿದೆ. ಧರ್ಮದ ಜೊತೆ ಈ ಬಾರಿ ಜಾತಿಯನ್ನೂ ಕೇಳಲಾಗುತ್ತದೆ, ಮನೆಯವರೇ ಮಾಹಿತಿ ತುಂಬುವ ಅವಕಾಶವೂ ಇದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಈ ಸ್ಥಾನದ ಮೇಲೆ ಸಿಗುವ ಸೌಲಭ್ಯಗಳಿಗೆ ಜನಗಣತಿಯ ಅಂಕಿಯೇ ಆಧಾರ. ಧರ್ಮದ ಕಾಲಂನಲ್ಲಿ ಜೈನ ಎಂದು ಬರೆಸದೆ ಬೇರೇನನ್ನೋ ಬರೆಸಿದ ಮನೆ ಆ ಲೆಕ್ಕದಲ್ಲಿ ಇರುವುದೇ ಇಲ್ಲ.

ಎಣಿಕೆ ಹತ್ತಿರವಾದಂತೆ ಏನು ಬರೆಸಬೇಕು, ಯಾವ ಉಪಜಾತಿ ಹೇಳಬೇಕು ಎಂದು ತರಹೇವಾರಿ ಸಂದೇಶಗಳು ಬರುವುದು ಖಂಡಿತ. ಅವುಗಳಲ್ಲಿ ಕೆಲವು ಒಂದಕ್ಕೊಂದು ವಿರುದ್ಧವಾಗಿಯೂ ಇರಬಹುದು. ಆದ್ದರಿಂದ ರಾಜ್ಯದ ಮಠಗಳು, ದಿಗಂಬರ ಶ್ವೇತಾಂಬರ ಸಂಘಗಳು ಈಗಲೇ ಕುಳಿತು, ಜನಗಣತಿ ಇಲಾಖೆಯ ಅಧಿಕೃತ ಪ್ರಶ್ನಾವಳಿಯನ್ನು ನೋಡಿ, ದಿನಾಂಕ ಮತ್ತು ಸಹಿ ಇರುವ ಒಂದೇ ಸೂಚನೆಯನ್ನು ಹೊರಡಿಸುವುದು ಒಳಿತು. ಅದು ಬಸದಿಯ ಫಲಕದಲ್ಲಿ ಇರಲಿ, ತೆರೆದ ಜಾಲತಾಣದಲ್ಲಿ ಇರಲಿ, ಆಮೇಲೆ ಗ್ರೂಪುಗಳಿಗೆ ಹೋಗಲಿ. ಫೋನ್ ಇಲ್ಲದ ಹಿರಿಯರ ಮನೆಗೆ ಯುವಕ ಮಂಡಳಿಯವರು ನಡೆದುಹೋಗಿ ಹೇಳಿಬರಲಿ. ಹತ್ತು ಮನೆ ಇರುವ ಊರಿನಲ್ಲಿ ಈ ಕೆಲಸಕ್ಕೆ ಒಂದು ಸಂಜೆ ಸಾಕು.